ಬಾಗಿಲ ಸಂದಿನ ಸ್ಟಿಕ್ಕರ್‌ನಿಂದ ಶುರು ಮಾಡಿ: ಹೊಸ ಕಾರಿಗೆ ಸರಿಯಾದ ಅಳತೆಯ ವಿಂಟರ್ ಟೈರ್ ಆರಿಸುವುದು ಹೇಗೆ

ಅಕ್ಟೋಬರ್ ಬಂತೆಂದರೆ ನನಗೆ ಬರುವ ಫೋನ್‌ಗಳೆಲ್ಲ ಒಂದೇ ಥರ. "ಹೊಸ ಸಿವಿಕ್ ತಗೊಂಡೆ, ಯಾವ ಸೈಜ್ ವಿಂಟರ್ ಟೈರ್ ಹಾಕಿಸ್ಲಿ?" (ವಿಂಟರ್ ಟೈರ್ ಎಂದರೆ ಚಳಿಯಲ್ಲೂ ರಬ್ಬರ್ ಮೆತ್ತಗಿರುವ, ಹಿಮದ ರಸ್ತೆಗೆಂದೇ ಮಾಡಿದ ಟೈರ್.) ಇಷ್ಟೇ ವಿವರ ಇಟ್ಟುಕೊಂಡು ಉತ್ತರ ಹೇಳಲು ಆಗುವುದಿಲ್ಲ. ಒಂದೇ ಹೆಸರಿನ ಕಾರು ಒಂದೇ ವರ್ಷ ಮೂರು ಅಳತೆಯ ಟೈರ್‌ಗಳಲ್ಲಿ ಬಂದಿರುತ್ತದೆ.

ಬ್ರಾಂಪ್ಟನ್‌ನಲ್ಲಿರುವ ಗೆಳೆಯರೊಬ್ಬರು ಹೀಗೇ ಸಿಕ್ಕಿಹಾಕಿಕೊಂಡರು. ತಮ್ಮದೇ ಮಾಡೆಲ್, ತಮ್ಮದೇ ವರ್ಷದ ಕಾರಿನಿಂದ ಬಿಚ್ಚಿದ ನಾಲ್ಕು ಟೈರ್ ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದರು. ಗ್ಯಾರೇಜಿನವನು ಟೈರನ್ನು ಅವರ ರಿಮ್ ಮೇಲೆ ಇಟ್ಟು ತೋರಿಸಿದ. ಸುತ್ತಲೂ ಒಂದೊಂದು ಇಂಚು ಖಾಲಿ. ಮಗುವಿನ ಕೈಗೆ ಅಮ್ಮನ ಬಳೆ ಹಾಕಿದ ಹಾಗೆ. ಟೈರ್ 18 ಇಂಚಿನದು, ರಿಮ್ 16 ಇಂಚಿನದು. ಕೊಟ್ಟ ದುಡ್ಡು ವಾಪಸ್ ಬರಲಿಲ್ಲ.

ನಾನು ಇರುವುದು ಕೆನಡಾದ ಒಂಟಾರಿಯೊದಲ್ಲಿ, ಹಾಗಾಗಿ ಕಾನೂನು, ಇನ್ಶೂರೆನ್ಸ್ ವಿಷಯ ಬಂದಾಗ ಇಲ್ಲಿಯದನ್ನೇ ಹೇಳಿದ್ದೇನೆ. ಅಳತೆ ಆರಿಸುವ ಕ್ರಮ ಮಾತ್ರ ಹಿಮ ಬೀಳುವ ಎಲ್ಲ ಊರಿಗೂ ಒಂದೇ. ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. ಎಷ್ಟೋ ಜನ ಮೊದಲು ಬ್ರ್ಯಾಂಡ್ ಹುಡುಕಿ, ಆಮೇಲೆ ಅಳತೆ ನೋಡುತ್ತಾರೆ. ತಪ್ಪು ಶುರುವಾಗುವುದು ಅಲ್ಲೇ.

## ಮೊದಲು ಇಷ್ಟು ಹತ್ತಿರ ಇಟ್ಟುಕೊಳ್ಳಿ

ಕಾರಿನ ಮಾಲೀಕರ ಕೈಪಿಡಿ, ಒಂದು ಟಾರ್ಚ್, ಒದ್ದೆ ಬಟ್ಟೆ, ಫೋನಿನ ಕ್ಯಾಮೆರಾ ಮತ್ತು ಕ್ಯಾಲ್ಕುಲೇಟರ್. ಕಾರಿನ 17 ಅಕ್ಷರದ ವಿಐಎನ್ ನಂಬರ್ (ಪ್ರತಿ ಕಾರಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಟೈರ್ ನೀವೇ ಬದಲಾಯಿಸುವುದಾದರೆ ಟಾರ್ಕ್ ರೆಂಚ್ (ನಟ್ ಎಷ್ಟು ಬಿಗಿಯಾಯಿತು ಎಂದು ಅಳೆದು ತಿಳಿಸುವ ಪಾನೆ) ಬೇಕೇ ಬೇಕು. ಗಾಳಿ ಅಳೆಯುವ ಚಿಕ್ಕ ಗೇಜ್ ಒಂದು ಯಾವಾಗಲೂ ಕಾರಿನಲ್ಲೇ ಇರಲಿ.

## ಹಂತ 1: ಚಾಲಕನ ಬಾಗಿಲು ತೆಗೆದು ಸ್ಟಿಕ್ಕರ್ ಓದಿ

ಚಾಲಕನ ಬಾಗಿಲು ತೆಗೆದರೆ ಬಾಗಿಲ ಚೌಕಟ್ಟಿನ ಕಂಬದಲ್ಲಿ ಒಂದು ಸ್ಟಿಕ್ಕರ್ ಕಾಣುತ್ತದೆ. ಕಾರ್ಖಾನೆಯಿಂದ ಬಂದ ಟೈರ್ ಅಳತೆ, ಮುಂದೆ ಎಷ್ಟು ಗಾಳಿ, ಹಿಂದೆ ಎಷ್ಟು ಗಾಳಿ, ಎಲ್ಲ ಅಲ್ಲೇ ಇದೆ. ಧೂಳು, ಉಪ್ಪು ಮೆತ್ತಿಕೊಂಡಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ, ಫೋಟೊ ತೆಗೆಯಿರಿ.

ಆಮೇಲೆ ನಾಲ್ಕೂ ಟೈರ್‌ಗಳ ಪಕ್ಕದಲ್ಲಿ ಅಚ್ಚಾಗಿರುವ ಅಳತೆ ನೋಡಿ. ನಾಲ್ಕನ್ನೂ ನೋಡಬೇಕು. ಕೆಲವು ಬಿಎಂಡಬ್ಲ್ಯು, ಟೆಸ್ಲಾ ಕಾರುಗಳಲ್ಲಿ ಹಿಂದಿನ ಟೈರ್ ಮುಂದಿನದಕ್ಕಿಂತ ಅಗಲ ಇರುತ್ತದೆ. ಅಂಥ ಕಾರಿಗೆ ಚಳಿಗಾಲದಲ್ಲಿ ನಾಲ್ಕೂ ಒಂದೇ ಅಳತೆ ಹಾಕಬಹುದೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಸ್ಟಿಕ್ಕರ್ ಮತ್ತು ಟೈರ್ ಒಂದಕ್ಕೊಂದು ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲಿ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಹಿಂದಿನ ಮಾಲೀಕರು ರಿಮ್ ಬದಲಿಸಿರಬಹುದು. ಡೀಲರ್ ತನ್ನ ಕಡೆಯಿಂದ ದೊಡ್ಡ ರಿಮ್ ಹಾಕಿ ಮಾರಿದ ಹೊಸ ಕಾರೂ ಇರುತ್ತದೆ. ಆಗ ಲೆಕ್ಕಕ್ಕೆ ಸ್ಟಿಕ್ಕರ್ ಅಳತೆಯೇ ಆಧಾರ.

## ಹಂತ 2: ಆ ನಂಬರ್ ಏನು ಹೇಳುತ್ತದೆ?

215/55 ಆರ್16 93ಎಚ್ (215/55R16 93H) ಎಂದು ಇದೆ ಅಂದುಕೊಳ್ಳಿ.

215 ಎಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 55 ಎಂದರೆ ಪಕ್ಕದ ಗೋಡೆಯ ಎತ್ತರ, ಆದರೆ ಮಿಲಿಮೀಟರ್ ಅಲ್ಲ, ಅಗಲದ ನೂರಕ್ಕೆ 55 ಪಾಲು. ಆರ್ ಎಂದರೆ ರೇಡಿಯಲ್, ಟೈರ್ ಒಳಗೆ ಕಟ್ಟಿರುವ ಬಗೆ. 16 ಎಂದರೆ ರಿಮ್‌ನ ವ್ಯಾಸ, ಇಂಚಿನಲ್ಲಿ. 93 ಒಂದು ಟೈರ್ ಎಷ್ಟು ಭಾರ ಹೊರುತ್ತದೆ ಎನ್ನುವ ಸಂಕೇತ: 650 ಕೆಜಿ. ಎಚ್ ಎಂದರೆ ವೇಗದ ಮಿತಿ, ಗಂಟೆಗೆ 210 ಕಿ.ಮೀ.

ಜನ ಮುಗ್ಗರಿಸುವುದು ನಡುವಿನ ಆ ಪರ್ಸೆಂಟ್‌ನಲ್ಲಿ. 55 ಮತ್ತು 65ರ ನಡುವೆ ಏನು ಮಹಾ ವ್ಯತ್ಯಾಸ ಎಂದು ಬಿಟ್ಟುಬಿಡುತ್ತಾರೆ. ಅದೆಷ್ಟು ದೊಡ್ಡದು ಎನ್ನುವುದು ನಾಲ್ಕನೇ ಹಂತದ ಲೆಕ್ಕದಲ್ಲಿ ಗೊತ್ತಾಗುತ್ತದೆ.

## ಹಂತ 3: ಅದೇ ರಿಮ್ಮೋ, ಸಣ್ಣ ರಿಮ್ಮೋ ತೀರ್ಮಾನಿಸಿ

ಊರಿನಲ್ಲಿ ನಮಗೆ ಒಂದು ರೂಢಿ ಇದೆ. ಹೊಸ ಕಾರು ಬಂದ ತಿಂಗಳಲ್ಲೇ ಟೈರ್ ಅಂಗಡಿಗೆ ಹೋಗಿ ಒಂದು ಸೈಜ್ ದೊಡ್ಡದು ಹಾಕಿಸುವುದು. ಅಗಲ ಇದ್ದಷ್ಟೂ ಗ್ರಿಪ್ ಜಾಸ್ತಿ ಎಂಬ ನಂಬಿಕೆ. ಪುತ್ತೂರಿನ ಪರಿಚಯದವರೊಬ್ಬರು ಇಲ್ಲಿಗೆ ಬಂದ ಮೊದಲ ವರ್ಷ ನನ್ನನ್ನು ಕೇಳಿದ್ದೂ ಇದನ್ನೇ: "ಅಗಲದ್ದು ಹಾಕಿದ್ರೆ ಹಿಮದಲ್ಲಿ ಇನ್ನೂ ಒಳ್ಳೇದಲ್ವಾ ಮಾರಾಯ್ರೆ?"

ಅಲ್ಲ. ಅರ್ಧ ಕರಗಿ ಕೆಸರಾದ ಹಿಮದ ಮೇಲೆ ಅಗಲದ ಟೈರ್ ತೇಲುತ್ತದೆ. ಸ್ವಲ್ಪ ಕಿರಿದಾದ ಟೈರ್ ಅದೇ ಭಾರವನ್ನು ಕಡಿಮೆ ಜಾಗದ ಮೇಲೆ ಒತ್ತಿ, ಹಿಮವನ್ನು ಸೀಳಿಕೊಂಡು ಕೆಳಗಿನ ರಸ್ತೆ ಹಿಡಿಯುತ್ತದೆ. ಸಣ್ಣ ರಿಮ್ ಹಾಕಿದರೆ ಟೈರಿನ ಪಕ್ಕದ ಗೋಡೆ ಎತ್ತರವಾಗುತ್ತದೆ. ಮಾರ್ಚ್‌ನಲ್ಲಿ ಹಿಮ ಕರಗಿ ರಸ್ತೆ ತುಂಬ ಗುಂಡಿ ಬಿದ್ದಾಗ ರಿಮ್ ಉಳಿಸುವುದು ಆ ಎತ್ತರವೇ. ಬೆಲೆಯೂ ಕಡಿಮೆ.

ಹಾಗಾಗಿ 18 ಅಥವಾ 19 ಇಂಚಿನ ರಿಮ್ ಇರುವ ಕಾರಿಗೆ ಒಂದು ಇಂಚು, ಕೆಲವು ಸಲ ಎರಡು ಇಂಚು ಸಣ್ಣ ರಿಮ್‌ನ ಪ್ರತ್ಯೇಕ ಸೆಟ್ ತಗೊಳ್ಳುವುದೇ ಒಳ್ಳೆಯದು ಎಂದು ನಾನು ಹೇಳುತ್ತೇನೆ. ಟೈರ್ ರಿಮ್‌ಗೆ ಕೂತೇ ಇರುವುದರಿಂದ ವರ್ಷಕ್ಕೆರಡು ಸಲ ಬಿಚ್ಚಿ ಕೂರಿಸುವ ಖರ್ಚು ಉಳಿಯುತ್ತದೆ. ಟೈರಿನ ಅಂಚೂ ಹಾಳಾಗುವುದಿಲ್ಲ.

ಎಷ್ಟು ಸಣ್ಣದಕ್ಕೆ ಇಳಿಯಬಹುದು ಎಂಬುದನ್ನು ಬ್ರೇಕ್ ನಿರ್ಧರಿಸುತ್ತದೆ. ರಿಮ್ ಒಳಗೆ ಬ್ರೇಕ್ ಡಿಸ್ಕ್ ಮತ್ತು ಅದನ್ನು ಹಿಡಿಯುವ ಕ್ಯಾಲಿಪರ್ ಇರುತ್ತವೆ. ರಿಮ್ ತೀರಾ ಸಣ್ಣದಾದರೆ ಕ್ಯಾಲಿಪರ್‌ಗೆ ತಾಗುತ್ತದೆ. ಅದೇ ಕಾರಿನ ಕೆಳಗಿನ ವೇರಿಯಂಟ್ ಸಣ್ಣ ರಿಮ್‌ನಲ್ಲಿ ಬಂದಿದ್ದರೆ ಅದು ಒಳ್ಳೆಯ ಸುಳಿವು, ಆದರೆ ಅಷ್ಟರಿಂದಲೇ ನಿಮ್ಮ ಕಾರಿಗೂ ಕೂರುತ್ತದೆ ಎನ್ನುವ ಹಾಗಿಲ್ಲ. ಸಿವಿಕ್ ಎಂಬ ಹೆಸರಿದ್ದರೂ ಟೈಪ್ ಆರ್‌ಗೆ ದೊಡ್ಡ ಬ್ರೇಕ್ ಇದೆ. ವಿಐಎನ್ ಕೊಟ್ಟು ಡೀಲರ್‌ನ ಪಾರ್ಟ್ಸ್ ಕೌಂಟರಿನಲ್ಲಿ "ಈ ಕಾರಿಗೆ ಕೂರುವ ಅತಿ ಸಣ್ಣ ರಿಮ್ ಯಾವುದು?" ಎಂದು ಕೇಳಿ. ಎರಡು ನಿಮಿಷದ ಕೆಲಸ.

ಜರ್ಮನಿಯಲ್ಲಿರುವವರು ಇಲ್ಲಿ ಇನ್ನೊಂದು ಕೆಲಸ ಮಾಡಬೇಕು. ಅಲ್ಲಿ ಕಾರಿಗೆ ಒಪ್ಪಿಗೆ ಸಿಕ್ಕಿರುವ ಅಳತೆಯನ್ನಷ್ಟೇ ಹಾಕಬಹುದು. ನೋಂದಣಿ ಪತ್ರದಲ್ಲಿ ಒಂದೇ ಅಳತೆ ಇರುತ್ತದೆ. ಉಳಿದವು ಕಾರಿನ ಜೊತೆ ಬರುವ ಸಿಒಸಿ ಪತ್ರದಲ್ಲಿ (ಕಂಪನಿ ಕೊಡುವ ಅನುಮೋದನೆಯ ದಾಖಲೆ) ಇರುತ್ತವೆ. ಅದನ್ನು ತೆಗೆದು ನೋಡದೆ ರಿಮ್ ಕೊಳ್ಳಬೇಡಿ.

## ಹಂತ 4: ಹೊರಗಿನ ವ್ಯಾಸದ ಲೆಕ್ಕ ಹಾಕಿ

ರಿಮ್ ಸಣ್ಣದಾಗಬಹುದು, ಟೈರ್ ಕಿರಿದಾಗಬಹುದು. ಆದರೆ ಚಕ್ರದ ಹೊರಗಿನ ಒಟ್ಟು ವ್ಯಾಸ ಮಾತ್ರ ಹೆಚ್ಚೂಕಡಿಮೆ ಅಷ್ಟೇ ಇರಬೇಕು. ಸ್ಪೀಡೋಮೀಟರ್, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಎರಡೂ ಚಕ್ರದ ಸುತ್ತಳತೆಯನ್ನೇ ನಂಬಿಕೊಂಡು ಕೆಲಸ ಮಾಡುತ್ತವೆ.

ಲೆಕ್ಕ ಸುಲಭ. ಅಗಲವನ್ನು ಪರ್ಸೆಂಟ್‌ನಿಂದ ಗುಣಿಸಿ, ಎರಡು ಪಟ್ಟು ಮಾಡಿ. ರಿಮ್‌ನ ಇಂಚನ್ನು 25.4ರಿಂದ ಗುಣಿಸಿ. ಎರಡನ್ನೂ ಕೂಡಿಸಿ.

2022ರ ಮಾಡೆಲ್‌ನಿಂದ ಬಂದ ಹೋಂಡಾ ಸಿವಿಕ್‌ನ ಮೂರು ಅಳತೆ ತಗೊಳ್ಳೋಣ.

215/55 ಆರ್16: 215ರಲ್ಲಿ ನೂರಕ್ಕೆ 55 ಎಂದರೆ 118.25. ಎರಡು ಪಟ್ಟು 236.5. ರಿಮ್ 406.4. ಒಟ್ಟು 642.9 ಮಿ.ಮೀ.

215/50 ಆರ್17: 215 ಮತ್ತು 431.8. ಒಟ್ಟು 646.8 ಮಿ.ಮೀ.

235/40 ಆರ್18: 188 ಮತ್ತು 457.2. ಒಟ್ಟು 645.2 ಮಿ.ಮೀ.

ನೋಡಿದ್ರಾ? ರಿಮ್ 16ರಿಂದ 18ಕ್ಕೆ ಏರಿದರೂ ಹೊರಗಿನ ವ್ಯಾಸದಲ್ಲಿ 4 ಮಿ.ಮೀ. ವ್ಯತ್ಯಾಸವೂ ಇಲ್ಲ. ಕಂಪನಿಯೇ ಬೇಕೆಂದು ಹಾಗೆ ಹೊಂದಿಸಿದೆ. ನೀವು ಆರಿಸುವ ಅಳತೆಯೂ ಹೀಗೇ ಹೊಂದಬೇಕು.

ಈಗ ತಪ್ಪಿನ ಲೆಕ್ಕ ನೋಡಿ. 215/55 ಆರ್16 ಬದಲು ಕಣ್ತಪ್ಪಿನಿಂದ 215/65 ಆರ್16 ತಂದಿರಿ. ವ್ಯಾಸ 685.9 ಮಿ.ಮೀ. ಆಯಿತು. ಶೇಕಡಾ 6.7 ಜಾಸ್ತಿ. ಸ್ಪೀಡೋಮೀಟರ್ 100 ತೋರಿಸಬೇಕಾದ ಜಾಗದಲ್ಲಿ ಕಾರು ಸುಮಾರು 107ರಲ್ಲಿ ಓಡುತ್ತಿರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರ್ ಮಡ್‌ಗಾರ್ಡ್ ಒಳಗೆ ಉಜ್ಜಬಹುದು. ಒಂದೇ ಒಂದು ಅಂಕಿ ತಪ್ಪಿದ್ದಕ್ಕೆ ಇಷ್ಟೆಲ್ಲ.

ವ್ಯಾಸದ ವ್ಯತ್ಯಾಸ ಶೇಕಡಾ 3 ದಾಟಬಾರದು ಎಂಬುದು ಅಂಗಡಿಗಳಲ್ಲಿ ನಡೆಯುವ ನಿಯಮ. ನಾನು ಒಂದೂವರೆ ದಾಟುವುದಿಲ್ಲ. ಸಿವಿಕ್‌ಗೆ 215/55 ಆರ್16 ಸಿಗದೆ ಹೋದಾಗ ಅಂಗಡಿಯವರು 205/60 ಆರ್16 ತೋರಿಸುವುದುಂಟು. ಅದರ ವ್ಯಾಸ 652.4 ಮಿ.ಮೀ., ಶೇಕಡಾ 1.5 ಜಾಸ್ತಿ, ಅಗಲ ಕಡಿಮೆ. ವ್ಯಾಸದ ಮಟ್ಟಿಗೆ ಒಪ್ಪಬಹುದು. ಆದರೆ ಮುಂದಿನ ಹಂತ ನೋಡದೆ ಹೂಂ ಅನ್ನಬೇಡಿ.

## ಹಂತ 5: ಭಾರದ ಅಂಕಿ ಇಳಿಯಬಾರದು, ವೇಗದ ಅಕ್ಷರ ಇಳಿಯಬಹುದು

ಭಾರದ ಅಂಕಿ ಕಾರಿನ ಕಂಪನಿ ಹೇಳಿದ್ದಕ್ಕಿಂತ ಒಂದೂ ಕಡಿಮೆ ಇರಬಾರದು. 93 ಬೇಕಾದಲ್ಲಿ 92 ಎಂದರೆ ಟೈರಿಗೆ 630 ಕೆಜಿ, ನಾಲ್ಕಕ್ಕೂ ಸೇರಿ 80 ಕೆಜಿ ಕೊರತೆ. ಮನೆಮಂದಿಯೆಲ್ಲ ಕೂತು, ಡಿಕ್ಕಿ ತುಂಬ ಸಾಮಾನು ಹಾಕಿ ಮಾಂಟ್ರಿಯಲ್‌ಗೆ ಹೊರಟಾಗ ಅದು ಆಟವಲ್ಲ. ಅದೇ ಅಳತೆಯಲ್ಲಿ ಎಕ್ಸ್‌ಎಲ್ ಎಂದು ಅಚ್ಚಾದ ಗಟ್ಟಿ ಟೈರ್ ಸಿಗುತ್ತದೆ. 205/60 ಆರ್16ರಲ್ಲೇ 96 ಇರುವುದು 710 ಕೆಜಿ ಹೊರುತ್ತದೆ. ಅದನ್ನು ಕೇಳಿ.

ಎಲೆಕ್ಟ್ರಿಕ್ ಕಾರಿದ್ದರೆ ಇನ್ನೂ ಜಾಗ್ರತೆ. ಬ್ಯಾಟರಿಯಿಂದಾಗಿ ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಭಾರ ಜಾಸ್ತಿ. ಅಳತೆ ತಾಳೆಯಾದರೂ ಭಾರದ ಅಂಕಿ ಸಾಲದೆ ಹೋಗುವುದು ಇವುಗಳಲ್ಲೇ ಹೆಚ್ಚು.

ವೇಗದ ವಿಷಯ ಹಾಗಲ್ಲ. ವಿಂಟರ್ ಟೈರ್‌ಗಳು ಟಿ, ಅಂದರೆ 190 ಕಿ.ಮೀ., ಇಲ್ಲವೇ ಎಚ್ ಮಿತಿಯಲ್ಲಿ ಬರುವುದು ಸಾಮಾನ್ಯ. ಬೇಸಿಗೆಯ ಟೈರ್ ಎಚ್‌ಗಿಂತ ಮೇಲಿನ ಮಿತಿಯ ವಿ ಇದ್ದು ಚಳಿಗಾಲದ್ದು ಎಚ್ ಇದ್ದರೆ ಗಾಬರಿ ಬೇಡ. ಕೈಪಿಡಿ ಏನು ಹೇಳುತ್ತದೆ ಎಂದಷ್ಟೇ ನೋಡಿಕೊಳ್ಳಿ.

## ಹಂತ 6: ರಿಮ್ ಕೊಳ್ಳುವಾಗ ಇನ್ನೂ ನಾಲ್ಕು ಅಳತೆ

ಬೇರೆ ರಿಮ್ ತಗೊಳ್ಳುವವರು ಇಲ್ಲಿ ನಿಧಾನಿಸಿ. ಇಂಚು ಹೊಂದಿದ ಮಾತ್ರಕ್ಕೆ ರಿಮ್ ಹೊಂದಿತು ಎಂದಲ್ಲ.

ಒಂದು, ಬೋಲ್ಟ್ ಜೋಡಣೆ. ಸಿವಿಕ್‌ಗೆ 5×114.3. ಅಂದರೆ ಐದು ಬೋಲ್ಟ್, ಅವು ಕೂತಿರುವ ವೃತ್ತದ ವ್ಯಾಸ 114.3 ಮಿ.ಮೀ. 5×112ರ ರಿಮ್ ಪಕ್ಕದಲ್ಲಿಟ್ಟರೆ ಕಣ್ಣಿಗೆ ಒಂದೇ ಥರ ಕಾಣುತ್ತದೆ. ಬಲವಂತವಾಗಿ ಕೂರಿಸಿದರೆ ಬೋಲ್ಟ್ ಓರೆಯಾಗುತ್ತದೆ.

ಎರಡು, ರಿಮ್‌ನ ನಡುವಿನ ತೂತು, ಅಂದರೆ ಕಾರಿನ ಹಬ್ (ಚಕ್ರ ಕೂರುವ ನಡುಭಾಗ) ಸೇರುವ ಜಾಗ. ಸಿವಿಕ್‌ಗೆ 64.1 ಮಿ.ಮೀ., ಟೊಯೊಟಾ ರಾವ್4ಗೆ 60.1. ಇವೆರಡಕ್ಕೂ ಬೋಲ್ಟ್ ಜೋಡಣೆ ಒಂದೇ, ಹಾಗಾಗಿಯೇ ಜನ ಮೋಸ ಹೋಗುತ್ತಾರೆ. ತೂತು ಸಣ್ಣದಾದರೆ ರಿಮ್ ಕೂರುವುದೇ ಇಲ್ಲ. ದೊಡ್ಡದಾದರೆ ನಡುವೆ ತಕ್ಕ ಅಳತೆಯ ಹಬ್ ರಿಂಗ್ ಹಾಕಬೇಕು. ಇಲ್ಲದಿದ್ದರೆ ಹೈವೇಯಲ್ಲಿ ಸ್ಟೀರಿಂಗ್ ನಡುಗುತ್ತದೆ.

ಮೂರು, ಆಫ್‌ಸೆಟ್. ರಿಮ್‌ನ ಅಗಲದ ನಡುಗೆರೆಯಿಂದ ಅದು ಹಬ್‌ಗೆ ಒತ್ತುವ ಮುಖ ಎಷ್ಟು ದೂರ ಎನ್ನುವ ಅಳತೆ, ಮಿಲಿಮೀಟರ್‌ನಲ್ಲಿ. ಇದು ಕಡಿಮೆಯಾದರೆ ಚಕ್ರ ಹೊರಗೆ ಚಾಚುತ್ತದೆ, ಜಾಸ್ತಿಯಾದರೆ ಒಳಗಿನ ಸಸ್ಪೆನ್ಷನ್‌ಗೆ ತಾಗಬಹುದು. ಕಂಪನಿಯ ಅಂಕಿಗೆ ಆದಷ್ಟು ಹತ್ತಿರ ಇರಲಿ.

ನಾಲ್ಕನೆಯದು ನಟ್. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಜೀವಕ್ಕೆ ಅಪಾಯ ತರುವುದು ಇದೇ. ಹೋಂಡಾದ ಸ್ವಂತ ರಿಮ್‌ಗೆ ಬರುವ ನಟ್‌ನ ತಳ ಗೋಲಿಯ ಹಾಗೆ ದುಂಡಗಿರುತ್ತದೆ. ಹೊರಗೆ ಸಿಗುವ ಹೆಚ್ಚಿನ ರಿಮ್‌ಗಳಿಗೆ ಬೇಕಾದ ನಟ್‌ನ ತಳ ಆಲಿಕೆಯ ಹಾಗೆ ಓರೆ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ನಟ್ ಬಿಗಿಯಾದ ಹಾಗೆ ಕಾಣುತ್ತದೆ, ಆದರೆ ಪೂರ್ತಿ ಕೂತಿರುವುದಿಲ್ಲ.

ನನಗೇ ಆದದ್ದು ಇದು. ಇಲ್ಲಿ ನನ್ನ ಮೊದಲ ಚಳಿಗಾಲ. ಗ್ಯಾರೇಜೊಂದರಲ್ಲಿ ಹೊಸ ರಿಮ್‌ಗಳಿಗೆ ನನ್ನ ಹಳೇ ನಟ್‌ಗಳನ್ನೇ ಹಾಕಿ ಕಳಿಸಿದರು. ಮೂರನೇ ದಿನ 401 ಹೈವೇಯಲ್ಲಿ ಮುಂದಿನ ಎಡಗಡೆಯಿಂದ ಕಟ್ ಕಟ್ ಎಂದು ಸದ್ದು. ವೇಗ ಇಳಿಸಿ, ಮುಂದಿನ ಎಕ್ಸಿಟ್‌ನಲ್ಲಿ ಹೊರಬಂದು ನೋಡಿದೆ. ಎರಡು ನಟ್ ಕೈಯಲ್ಲೇ ತಿರುಗಿದವು. ಒಂದನ್ನು ಪೂರ್ತಿ ಬಿಚ್ಚಿದೆ. ರಿಮ್‌ನ ತೂತಿನ ಅಂಚಿನಲ್ಲಿ ಬಣ್ಣ ಸವೆದು ಕೂದಲಷ್ಟು ತೆಳುವಾದ ಒಂದು ಹೊಳೆಯುವ ಗೆರೆ. ನಟ್ ಅಷ್ಟು ದಿನ ರಿಮ್ಮನ್ನು ಮುಟ್ಟುತ್ತಿದ್ದದ್ದು ಆ ಗೆರೆಯಷ್ಟೇ. ಸರಿಯಾದ ನಟ್ ಇದ್ದಿದ್ದರೆ ಅಲ್ಲಿ ಅಗಲವಾದ ಪಟ್ಟಿಯೇ ಮೂಡಿರುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಮಾಡುತ್ತಿದ್ದಳು. ಆವತ್ತಿನಿಂದ ರಿಮ್ ಕೊಳ್ಳುವ ಪ್ರತಿಯೊಬ್ಬರಿಗೂ ಹೇಳುತ್ತೇನೆ: ರಿಮ್ ಮಾರುವವರ ಹತ್ತಿರವೇ ಅದಕ್ಕೆ ಹೊಂದುವ ನಟ್ ಕೇಳಿ ತಗೊಳ್ಳಿ, ಹಾಕುವ ಮುಂಚೆ ತಳ ಹೋಲಿಸಿ ನೋಡಿ.

## ಹಂತ 7: ಟೈರಿನ ಮೇಲಿನ ಗುರುತುಗಳು

ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು. ಈ ಚಿತ್ರ ಇರಲೇಬೇಕು. ಬರೀ ಎಂ ಪ್ಲಸ್ ಎಸ್ (M+S, ಕೆಸರು ಮತ್ತು ಹಿಮ) ಎಂದು ಬರೆದಿದ್ದರೆ ಸಾಲದು. ಅದು ಹಿಮದಲ್ಲಿ ಪರೀಕ್ಷೆ ಮಾಡಿ ಕೊಡುವ ಗುರುತಲ್ಲ. ಕ್ವಿಬೆಕ್‌ನಲ್ಲಿ ನೋಂದಣಿಯಾದ ಕಾರುಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ವಿಂಟರ್ ಟೈರ್ ಕಡ್ಡಾಯ. ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ. ಆದರೆ 2016ರ ಜನವರಿ 1ರಿಂದ ಇಲ್ಲಿನ ಇನ್ಶೂರೆನ್ಸ್ ಕಂಪನಿಗಳು ವಿಂಟರ್ ಟೈರ್‌ಗೆ ರಿಯಾಯಿತಿ ಕೊಡಲೇಬೇಕು. ರಸೀದಿ ಇಟ್ಟುಕೊಂಡು ನೀವಾಗಿಯೇ ಕೇಳಿ.

ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 3524 ಎಂದರೆ 2024ರ 35ನೇ ವಾರ. ಹಳೇ ಸರಕನ್ನು ಹೊಸದರ ಬೆಲೆಗೆ ಕೊಳ್ಳಬೇಡಿ. ರಬ್ಬರ್ ಗಟ್ಟಿಯಾಗಿರುತ್ತದೆ, ಚಳಿಯಲ್ಲಿ ಮೆತ್ತಗಿರುವುದೇ ತಾನೇ ಈ ಟೈರಿನ ಗುಣ.

ಬಳಸಿದ ಟೈರ್ ಆದರೆ ರಸ್ತೆಗೆ ತಾಗುವ ಮೈಯಲ್ಲಿರುವ ಗೀರುಗಳ ಆಳ ಅಳೆಯಿರಿ. 4 ಮಿ.ಮೀ. ಹತ್ತಿರ ಬಂದಿದ್ದರೆ ಹಿಮಕ್ಕೆ ಅದು ಮುಗಿದ ಟೈರ್.

ನಾಲ್ಕೂ ಒಂದೇ ಥರದ್ದು ಹಾಕಿ. ಎರಡೇ ಹಾಕಿ ದುಡ್ಡು ಉಳಿಸಲು ಹೋಗಬೇಡಿ. ಮುಂದೆ ಮಾತ್ರ ವಿಂಟರ್ ಟೈರ್ ಇದ್ದರೆ ತಿರುವಿನಲ್ಲಿ ಮುಂಭಾಗ ರಸ್ತೆ ಹಿಡಿದುಕೊಳ್ಳುತ್ತದೆ, ಹಿಂಭಾಗ ಜಾರಿ ಕಾರು ಗಿರಕಿ ಹೊಡೆಯುತ್ತದೆ. "ನಂದು ಆಲ್ ವೀಲ್ ಡ್ರೈವ್" ಎಂಬ ಧೈರ್ಯವೂ ಬೇಡ. ಅದು ಮುಂದೆ ಹೋಗಲು ಸಹಾಯ ಮಾಡುತ್ತದೆ. ಬ್ರೇಕ್ ಹಾಕಿದಾಗ ನಿಲ್ಲಿಸುವುದು ಟೈರ್.

## ಹಂತ 8: ಗಾಳಿಯ ಸೆನ್ಸರ್

ಕೆಲವು ಕಾರುಗಳಲ್ಲಿ ಪ್ರತಿ ರಿಮ್ ಒಳಗೂ ಒಂದು ಸೆನ್ಸರ್ ಇರುತ್ತದೆ. ಹೊಸ ರಿಮ್ ಸೆಟ್‌ಗೆ ಬೇರೆ ನಾಲ್ಕು ಬೇಕು, ಇಲ್ಲದಿದ್ದರೆ ಎಚ್ಚರಿಕೆ ದೀಪ ಚಳಿಗಾಲ ಪೂರ್ತಿ ಉರಿಯುತ್ತದೆ. ಇನ್ನು ಕೆಲವು, ಸಿವಿಕ್ ಥರದವು, ಚಕ್ರ ತಿರುಗುವ ವೇಗದಿಂದಲೇ ಗಾಳಿ ಕಡಿಮೆಯಾದದ್ದನ್ನು ಊಹಿಸುತ್ತವೆ. ಇವಕ್ಕೆ ಸೆನ್ಸರ್ ಬೇಡ, ಟೈರ್ ಬದಲಿಸಿದ ಮೇಲೆ ಮೆನುವಿನಲ್ಲಿ ಟಿಪಿಎಂಎಸ್ (ಟೈರ್ ಗಾಳಿಯ ಮೇಲೆ ಕಣ್ಣಿಡುವ ವ್ಯವಸ್ಥೆ) ಕ್ಯಾಲಿಬ್ರೇಶನ್ ಮಾಡಿದರೆ ಆಯಿತು. ನಿಮ್ಮದು ಯಾವುದು ಎಂದು ತಿಳಿದುಕೊಂಡ ಮೇಲೆಯೇ ಆರ್ಡರ್ ಮಾಡಿ.

## ಹಂತ 9: ಆರ್ಡರ್ ಮಾಡುವಾಗ, ಹಾಕಿಸುವ ದಿನ, ಆಮೇಲಿನ ವಾರ

ಮೊದಲ ಹಿಮ ಬೀಳುವ ತನಕ ಕಾಯಬೇಡಿ. ಗಾಳಿಯ ಉಷ್ಣಾಂಶ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನಿಲ್ಲತೊಡಗಿದಾಗ ಹಾಕಿಸುವ ಸಮಯ ಬಂತು. ಸೆಪ್ಟೆಂಬರ್‌ನಲ್ಲೇ ಆರ್ಡರ್ ಮಾಡಿದರೆ ಬೇಕಾದ ಅಳತೆ ಸಿಗುತ್ತದೆ. ನವೆಂಬರ್‌ನಲ್ಲಿ ಹೋದವರಿಗೆ ಅಂಗಡಿಯಲ್ಲಿ ಉಳಿದದ್ದನ್ನು "ಇದೂ ನಡೆಯುತ್ತೆ" ಎಂದು ಕೊಡುತ್ತಾರೆ.

ಆರ್ಡರ್ ಚೀಟಿಯಲ್ಲಿ ಅಳತೆ, ಭಾರದ ಅಂಕಿ, ವೇಗದ ಅಕ್ಷರ ಮೂರೂ ಬರೆಸಿಕೊಳ್ಳಿ. ಟೈರ್ ಬಂದಾಗ, ರಿಮ್‌ಗೆ ಕೂರಿಸುವ ಮುಂಚೆ, ನಾಲ್ಕನ್ನೂ ಆ ಚೀಟಿಯೊಂದಿಗೆ ಹೋಲಿಸಿ. ಕೂರಿಸಿದ ಮೇಲೆ ವಾಪಸ್ ಕೊಡುವುದು ಕಷ್ಟ. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣ ಇದ್ದರೆ ಅದು ಕಾರಿನ ಮುಂದಕ್ಕೆ ತಿರುಗುವ ಹಾಗೆ ಕೂರಿಸಿದ್ದಾರೆಯೇ ನೋಡಿ.

ನಟ್‌ಗಳನ್ನು ಕೈಪಿಡಿಯಲ್ಲಿರುವ ಅಂಕಿಗೆ ಬಿಗಿಯಬೇಕು. ಸಿವಿಕ್‌ಗೆ 108 ನ್ಯೂಟನ್ ಮೀಟರ್. ಪಾನೆ ಮೇಲೆ ಹತ್ತಿ ನಿಂತು ಬಿಗಿಯುವ ನಮ್ಮೂರಿನ ಪದ್ಧತಿ ಬೇಡ, ಬೋಲ್ಟ್ ಎಳೆದುಹೋಗುತ್ತದೆ. 80ರಿಂದ 100 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಿಡಿದು ನೋಡಿ. ಈ ಎರಡನೇ ಸಲದ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ.

ಗಾಳಿಯನ್ನು ಬೆಳಿಗ್ಗೆ, ಕಾರು ಓಡಿಸುವ ಮುಂಚೆ ಅಳೆಯಿರಿ. ಉಷ್ಣಾಂಶ 5–6 ಡಿಗ್ರಿ ಇಳಿದರೆ ಸುಮಾರು 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. 20 ಡಿಗ್ರಿಯ ಗ್ಯಾರೇಜಿನಲ್ಲಿ 33 ಹಿಡಿಸಿದ್ದು, ಹೊರಗೆ ಮೈನಸ್ 20ರಲ್ಲಿ 26ರ ಹತ್ತಿರ ಬಂದಿರುತ್ತದೆ.

## ಈ ಸೂಚನೆ ಕಂಡರೆ ಕಾರು ನಿಲ್ಲಿಸಿ

ಲಯಬದ್ಧವಾದ ಕಟ್ ಕಟ್ ಸದ್ದು: ನಟ್ ಸಡಿಲ. ಮುಂದಕ್ಕೆ ಓಡಿಸಬೇಡಿ.

ಸ್ಟೀರಿಂಗ್ ತಿರುಗಿಸಿದಾಗ ಉಜ್ಜುವ ಸದ್ದು: ವ್ಯಾಸ ಅಥವಾ ಆಫ್‌ಸೆಟ್ ತಪ್ಪಿದೆ. ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್‌ನಲ್ಲಿ ಹೊಸದಾಗಿ ಸವೆದ ಗುರುತಿದೆಯೇ ಟಾರ್ಚ್ ಹಾಕಿ ನೋಡಿ.

ನಿಧಾನ ಹೋಗುವಾಗ ಸರಿ, 90 ದಾಟಿದ ಮೇಲೆ ಸ್ಟೀರಿಂಗ್ ನಡುಗುತ್ತದೆ: ಬ್ಯಾಲೆನ್ಸ್ ಮಾಡಿಲ್ಲ, ಇಲ್ಲವೇ ಹಬ್ ರಿಂಗ್ ಬಿಟ್ಟಿದ್ದಾರೆ. ರಿಮ್ ಒಳಗೆ ಹಿಮ ಗಟ್ಟಿಯಾಗಿ ಕೂತರೂ ಹೀಗೇ ಆಗುತ್ತದೆ. ಮೊದಲು ಅದನ್ನು ಕೆರೆದು ತೆಗೆದು ನೋಡಿ, ಆಮೇಲೆ ಗ್ಯಾರೇಜಿಗೆ ಹೋಗಿ.

ಬ್ರೇಕ್ ಹಾಕದಿದ್ದರೂ ಲೋಹ ಲೋಹಕ್ಕೆ ತಾಗುವ ಸದ್ದು: ರಿಮ್ ಕ್ಯಾಲಿಪರ್‌ಗೆ ತಾಗುತ್ತಿದೆ. ಹೊಸ ಸೆಟ್ ಹಾಕಿಸಿದ ಕೂಡಲೇ, ಅಂಗಡಿಯ ಅಂಗಳದಲ್ಲೇ, ಕಿಟಕಿ ಇಳಿಸಿ ಎರಡೂ ಕಡೆಗೆ ಪೂರ್ತಿ ಸ್ಟೀರಿಂಗ್ ತಿರುಗಿಸಿ ಒಂದು ಸುತ್ತು ಹಾಕಿ. ಅಲ್ಲೇ ಕೇಳಿಸಿದರೆ ಅಲ್ಲೇ ಬಿಚ್ಚಿಸಬಹುದು.